ಲಾಟ್ವಿಯನ್ ಭಾಷೆಯ ‘ಸಿರ್ದ್ಸ್’ ಮತ್ತು ಸಂಸ್ಕೃತದ ‘ಹೃದಯ’

ಲಾಟ್ವಿಯನ್ ಭಾಷೆಯಲ್ಲಿ ಹೃದಯಕ್ಕೆ ‘ಸಿರ್ದ್ಸ್’ ಎಂದು ಹೆಸರು. ಇದನ್ನೂ ಸಂಸ್ಕೃತದ ‘ಹೃದ್’, ಇಂಗ್ಲಿಷಿನ ‘ಹಾರ್ಟ್’, ಗ್ರೀಕಿನ ‘ಕರ್ದಿಯಾ’ ಎಂಬುವನ್ನೂ ಒಂದೇ ಸಾಲಿನಲ್ಲಿ ಬರೆದು, ಇವೆಲ್ಲವೂ ಜ್ಞಾತಿಶಬ್ದಗಳೆಂದು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಇವು ಒಂದೇ ಕುಲದವೆಂಬುದು ನಿಜ. ಆದರೆ ಆ ಸಾಲಿನಲ್ಲಿ ‘ಹೃದ್’ ಶಬ್ದವು ವರ್ಣನಿಯಮಕ್ಕೆ ಹೊರತಾಗಿ ನಿಂತಿರುವುದನ್ನು ಹೇಳದೆ ಬಿಡುವುದು ದೋಷವೆಂದು ನಮ್ಮ ಅಭಿಪ್ರಾಯ.

ಇಂಡೋ-ಯೂರೋಪಿಯ ಮೂಲಭಾಷೆಯ ಅಘೋಷ ತಾಲವ್ಯ ಕಕಾರವು ಸಂಸ್ಕೃತದಲ್ಲಿ ಶಕಾರವೂ, ಲಿಥುವೇನಿಯನ್ನಿನಲ್ಲಿ ಷಕಾರದಂತಹ ವರ್ಣವೂ, ಲಾಟ್ವಿಯನ್ನಿನಲ್ಲಿ ಸಕಾರವೂ ಆಗುತ್ತದೆ. ನೂರು ಎಂಬರ್ಥದ ‘ಶತಮ್’, ‘ಷಿಮ್ತಾಸ್’, ‘ಸಿಮ್ತ್ಸ್’ ಇದಕ್ಕೆ ಸಾಕ್ಷಿ. ‘ಹಿಮ’, ‘ಹಂಸ’ ಎಂಬಲ್ಲಿನ ಹಕಾರವಾದರೋ ಘೋಷ ಮಹಾಪ್ರಾಣದಿಂದ ಬಂದುದು. ಅದಕ್ಕೆ ಲಾಟ್ವಿಯನ್ನಿನಲ್ಲಿ ಜ಼ಕಾರವಿರುತ್ತದೆ: ಚಳಿಗಾಲಕ್ಕೆ ‘ಜ಼ಿಯೆಮ’, ಹೆಬ್ಬಾತಿಗೆ ‘ಜ಼ುವೊಸ್’. ಆದುದರಿಂದ ‘ಹೃದ್’ ಎಂಬುದೇ ಮೂಲಕ್ಕೆ ಸರಿಯಾದ ರೂಪವಾಗಿದ್ದರೆ ಲಾಟ್ವಿಯನ್ನಿನಲ್ಲಿ ‘ಜ಼ಿರ್ದ್ಸ್’ ಎಂದಿರಬೇಕಾಗಿತ್ತು. ‘ಸಿರ್ದ್ಸ್’ ಸರಿಯಾದರೆ ಸಂಸ್ಕೃತದಲ್ಲಿ ‘ಶೃದ್’ ಎಂದಿರಬೇಕಾಗಿತ್ತು.

ದಾರಿ ತಪ್ಪಿದ ರೂಪ ಯಾವುದು? ಲಿಥುವೇನಿಯನ್ ‘ಷಿರ್ದಿಸ್’, ಗ್ರೀಕ್ ‘ಕರ್ದಿಯಾ’, ಲ್ಯಾಟಿನ್ ‘ಕೊರ್’ ಮೂರೂ ಅಘೋಷದ ಪಕ್ಷವನ್ನೇ ಹಿಡಿಯುತ್ತವೆ. ಅವೆಸ್ತಾದ ‘ಜ಼ೆರೆದ್’ ಮಾತ್ರ ಸಂಸ್ಕೃತದೊಡನೆ ನಿಲ್ಲುತ್ತದೆ. ಆದುದರಿಂದ ಈ ವ್ಯತ್ಯಾಸವು ಭಾರತೀಯ ಮತ್ತು ಇರಾನೀಯ ಶಾಖೆಗಳು ಬೇರೆಯಾಗುವ ಮೊದಲೇ ಉಂಟಾದುದೆಂಬುದು ಸ್ಪಷ್ಟ. ಪ್ರಾಸದಲ್ಲಿ ಸಮಾನವಾದ ಬೇರೊಂದು ಶಬ್ದದ ಸಂಸರ್ಗವೇ ಇದಕ್ಕೆ ಕಾರಣವೆಂದು ಕೆಲವು ಪಂಡಿತರ ಊಹೆ. ಇಂಗ್ಲಿಷಿನ ‘ಹಾರ್ಟ್’ ಶಬ್ದದ ಹಕಾರವು ಮೂಲದ ಕಕಾರದಿಂದಲೇ ಬಂದುದು. ‘ಹೃದ್’ ಶಬ್ದದ ಹಕಾರದೊಡನೆ ಅದಕ್ಕಿರುವ ಹೋಲಿಕೆ ಕೇವಲ ಆಕಸ್ಮಿಕ. ಕಿವಿಗೆ ಅತ್ಯಂತ ಸಮೀಪವೆನಿಸುವ ಜೋಡಿಯೇ ಇಲ್ಲಿ ಮೋಸಗೊಳಿಸುತ್ತದೆ.

ಹಾಗಾದರೆ ಅಘೋಷರೂಪವು ಸಂಸ್ಕೃತದಲ್ಲಿ ಸಂಪೂರ್ಣವಾಗಿ ಲೋಪವಾಯಿತೇ? ‘ಶ್ರದ್ಧಾ’ ಶಬ್ದದ ಪೂರ್ವಪದವಾದ ‘ಶ್ರತ್’ ಅದೇ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಲ್ಯಾಟಿನ್ನಿನ ‘ಕ್ರೇದೋ’ ಇದರ ಜೊತೆಗಾರ. ಆಗ ಶ್ರದ್ಧೆಯೆಂದರೆ ‘ಹೃದಯವನ್ನಿಡುವುದು’ ಎಂದಾಗುತ್ತದೆ. ಎಮಿಲ್ ಬೆನ್ವೆನಿಸ್ತರು 1969ರ ತಮ್ಮ ಗ್ರಂಥದಲ್ಲಿ ಈ ವ್ಯುತ್ಪತ್ತಿಯನ್ನು ಒಪ್ಪಲಿಲ್ಲ. ಅರ್ಥದ ವಿಷಯದಲ್ಲಿ ಶಂಕೆಗೆ ಅವಕಾಶವುಂಟು. ಆದರೆ ‘ಶ್ರತ್’ ಮತ್ತು ‘ಹೃದ್’ಗಳ ಆದಿವರ್ಣಗಳು ಬೇರೆಯೆಂಬ ಒಂದೇ ಕಾರಣದಿಂದ ಅದನ್ನು ತಳ್ಳಿಹಾಕುವುದು ಸಾಧುವಲ್ಲ; ಬೇರೆಯಾದುದು ‘ಹೃದ್’ ಎಂಬುದಕ್ಕೆ ‘ಸಿರ್ದ್ಸ್’ ಶಬ್ದವೇ ಸಾಕ್ಷಿ.

ಹೃದಯ, ಶ್ರದ್ಧೆಗಳೆರಡೂ ಕನ್ನಡದಲ್ಲಿ ತತ್ಸಮಗಳಾಗಿ ನೆಲೆನಿಂತಿವೆ. ಇವುಗಳ ವ್ಯುತ್ಪತ್ತಿಯನ್ನು ಬೋಧಿಸುವ ಅಧ್ಯಾಪಕರು ನಾದಸಾಮ್ಯವನ್ನು ನಂಬದೆ, ವರ್ಣನಿಯಮವನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು.