‘ಮಾಲಿನ್ಯ’ವೆಂಬ ಪ್ರಯೋಗದ ವಿಮರ್ಶೆ

ಉಪ್ಪು ಬೆರೆತ ಕಾರ್ಖಾನೆಯ ನೀರನ್ನು ಶೋಧಿಸುವ ವಿಷಯವಾಗಿ ಕನ್ನಡದಲ್ಲಿ ಬರೆಯುವವರು ‘ಫೌಲಿಂಗ್’ ಎಂಬುದಕ್ಕೆ ‘ಮಾಲಿನ್ಯ’ವೆಂದು ಪ್ರಯೋಗಿಸುವುದುಂಟು. ಪದವು ವ್ಯಾಕರಣಶುದ್ಧವಾದುದೇ ಸರಿ. ನಮ್ಮ ಆಕ್ಷೇಪವಿರುವುದು ಅರ್ಥದಲ್ಲಿ.

ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಲೆಂದು ಅಲ್ಲಿ ಉಪ್ಪನ್ನು ಹೇರಳವಾಗಿ ಬಳಸುವರು. ಆ ನೀರು ಬಹುಕಾಲ ನೊಯ್ಯಲ್ ನದಿಗೆ ಹರಿದು ಕೆಳಗಣ ಹೊಲಗಳನ್ನು ಕೆಡಿಸಿತು. ತೊಟ್ಟು ನೀರನ್ನೂ ಹೊರಬಿಡಕೂಡದೆಂಬ ನಿಯಮವನ್ನು ಪಾಲಿಸುವವರೆಗೆ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2011ರಲ್ಲಿ ಆಜ್ಞಾಪಿಸಿತು. ನೀರನ್ನು ಪೊರೆಯ ಮೂಲಕ ಒತ್ತಿ ಶುದ್ಧಮಾಡುವ ಯಂತ್ರಗಳೇ ಆಗ ಗತಿಯಾದುವು. ಈಗ ನೋಡಿರಿ: ನೀರು ಮಲಿನವಾಗುವುದು ಒಂದು ಸಂಗತಿ, ಅದನ್ನು ತೊಳೆಯುವ ಪೊರೆಯೇ ಕಟ್ಟಿಕೊಳ್ಳುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರಿಟ್ಟರೆ, ವೈದ್ಯನಿಗೆ ತಗುಲಿದ ಬೇನೆಯನ್ನು ರೋಗಿಯ ಬೇನೆಯೆಂದೇ ವಿದ್ಯಾರ್ಥಿಯು ತಿಳಿಯುವನು.

ಇದಕ್ಕಿಂತಲೂ ದೊಡ್ಡ ದೋಷವೊಂದಿದೆ. ಪೊರೆಯ ಮೇಲೆ ಕೂರುವುದು ಒಂದೇ ಬಗೆಯ ಕೊಳೆಯಲ್ಲ. ನೀರು ಹಾಯ್ದುಹೋದಂತೆಲ್ಲ ಉಪ್ಪು ಈಚೆಯ ಮಗ್ಗುಲಲ್ಲಿ ಸಾಂದ್ರವಾಗಿ, ಕ್ಯಾಲ್ಸಿಯಂ ಕಾರ್ಬೊನೇಟು, ಜಿಪ್ಸಂ ಮೊದಲಾದುವು ಹರಳುಗಟ್ಟುತ್ತವೆ. ತೇಲುವ ಸೂಕ್ಷ್ಮಕಣಗಳು ಸಮಾನ ವಿದ್ಯುದಂಶದ ಬಲದಿಂದ ಒಂದನ್ನೊಂದು ದೂರವಿಡತಕ್ಕವು. ಉಪ್ಪು ಹೆಚ್ಚಿದಾಗ ಆ ವಿಕರ್ಷಣವು ಕುಗ್ಗಿ ಪರಸ್ಪರ ಅಂಟಿ ಮಡ್ಡಿಯಾಗುತ್ತವೆ. ಜೀವಜನ್ಯ ದ್ರವ್ಯಗಳನ್ನು ಕ್ಯಾಲ್ಸಿಯಂ ನಡುವೆ ನಿಂತು ಬೆಸೆಯುತ್ತದೆ. ಅಣುಜೀವಿಗಳ ಲೋಳೆ ಬೇರೆ. ಕಾರ್ಬೊನೇಟು ಆಮ್ಲಕ್ಕೆ ಕರಗುವುದು; ಲೋಳೆಗೆ ಕ್ಷಾರ ಬೇಕು. ಲೋಳೆ ಹತ್ತಿದ ಪೊರೆಗೆ ಮೊದಲು ಆಮ್ಲವನ್ನು ಹಾಯಿಸಿದರೆ ಕೊಳೆ ಇನ್ನಷ್ಟು ಬಿಗಿದು ಪೊರೆಯೇ ನಿರುಪಯೋಗವಾಗಬಹುದು. ‘ಮಾಲಿನ್ಯ’ವೆಂದಷ್ಟೇ ಓದಿದವನಿಗೆ ಈ ವಿವೇಕ ಎಲ್ಲಿಂದ ಬರಬೇಕು?

ದೇಶ್ಯದಲ್ಲಿ ಪದಗಳಿಗೆ ಬಡತನವೆ? ಗಡಸು ನೀರು ಕಾಯುವ ಹಂಡೆಯ ಒಳಮೈಯನ್ನು ಉಜ್ಜಿದವರಿಗೆ ಹರಳುಗಟ್ಟುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹರಳುಗಟ್ಟು, ಮಡ್ಡಿಗಟ್ಟು, ಲೋಳೆಗಟ್ಟು ಎಂದು ಬಿಡಿಬಿಡಿಯಾಗಿ ಹೇಳಿ, ಒಟ್ಟಿಗೆ ‘ಕಿಟ್ಟ’ವೆನ್ನಬಹುದೆಂದು ನಮಗೆ ತೋರುತ್ತದೆ. ಕಿಟ್ಟವೆಂದೊಡನೆ ಕಬ್ಬಿಣದ ನೆನಪಾಗುವುದು ನಿಜ. ಪಾಠದಲ್ಲಿ ಒಂದು ಮಾತು ಸೇರಿಸಿದರೆ ಆ ತೊಡಕು ತೀರುವುದು.

‘ಪೊರೆ’ಗೂ ಒಂದು ತೊಡಕಿಲ್ಲದಿಲ್ಲ. ಕಣ್ಣಿಗೆ ಪೊರೆ ಬಂದಿತೆನ್ನುವಲ್ಲಿ ಅದೇ ಮುಚ್ಚುವ ಪದರ; ಇಲ್ಲಿ ಮುಚ್ಚಲ್ಪಡುವ ವಸ್ತು. ಆದರೂ ಅದನ್ನು ಕೈಬಿಡಲು ನಮಗೆ ಮನಸ್ಸಿಲ್ಲ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿಯು, ಪೊರೆಯೊಂದು ನೀರನ್ನು ತನ್ನ ಮೂಲಕ ಬಿಟ್ಟುಕೊಳ್ಳುವುದನ್ನು ಕಂಡದ್ದು ಹಂದಿಯ ಮೂತ್ರಕೋಶದಲ್ಲಿ. ಅದನ್ನು ಕನ್ನಡಿಗನು ಪೊರೆಯೆನ್ನದೆ ಮತ್ತೇನೆಂದಾನು?