ಮದಗದ ಕೆರೆಯಲ್ಲಿ ಪೆಡಲ್ ದೋಣಿ

ಅಕ್ಕನ ಮಗ ತರಿಸಿದ ಪೆಡಲ್ ಕಯಾಕ್ ಟಾಟಾ ಏಸ್ ಮೇಲೆ ಅರ್ಧಕ್ಕರ್ಧ ಹೊರಗೆ ಚಾಚಿಕೊಂಡು, ಮೂತಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು ಬಂದಾಗ, ಯಾರೋ ನೀರಿನ ಟ್ಯಾಂಕು ತಂದರು ಎಂದುಕೊಂಡವರೇ ಹೆಚ್ಚು. ಅವರ ಊಹೆ ಅಷ್ಟೇನೂ ತಪ್ಪಲ್ಲ. ತಾರಸಿ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕೂ ಈ ದೋಣಿಯೂ ಒಡಹುಟ್ಟಿದವು. ಪಾಲಿಥಿಲೀನ್ ಪುಡಿಯನ್ನು ಅಚ್ಚಿಗೆ ಹಾಕಿ, ಕಾಯಿಸುತ್ತಾ ಎಲ್ಲ ದಿಕ್ಕಿಗೂ ಹೊರಳಿಸಿ, ಪುಡಿ ಕರಗಿ ಒಳಮೈಗೆ ಹತ್ತಿದ ಮೇಲೆ ಆರಿಸಿ ತೆಗೆದರೆ ಒಂದು ಟ್ಯಾಂಕಾಗುತ್ತದೆ, ಇನ್ನೊಂದು ದೋಣಿಯಾಗುತ್ತದೆ. ಬೆಲೆಯಲ್ಲಿ ಮಾತ್ರ ಅಣ್ಣತಮ್ಮಂದಿರ ಸಾಮ್ಯವಿಲ್ಲ. ಟ್ಯಾಂಕಿನದು ಸಾವಿರಗಳ ಲೆಕ್ಕ, ದೋಣಿಯದು ಲಕ್ಷಗಳ ಲೆಕ್ಕ.

ದೋಣಿ ಬಂದದ್ದು ನಮ್ಮ ಎಮ್ಮೆದೊಡ್ಡಿಗೆ. ಎಮ್ಮೆದೊಡ್ಡಿ ಎಂದರೆ ಮದಗದ ಕೆರೆ. ಜನಪದ ಹಾಡಿನ ಮದಗದ ಕೆರೆ ಇದೇ ಎಂದು ಕಡೂರಿನ ಕಡೆಯವರು, ಅಲ್ಲ, ಅದು ನಮ್ಮ ಮಾಸೂರಿನದು ಎಂದು ಹಾವೇರಿ ಕಡೆಯವರು ಇವತ್ತಿಗೂ ಜಗಳ ಬಿಟ್ಟಿಲ್ಲ. ಹಾಡು ಯಾರದ್ದಾದರೂ ಇರಲಿ, ನೀರು ನಮ್ಮದು. ಬಾಬಾಬುಡನ್ ಗಿರಿಯ ತಪ್ಪಲಲ್ಲಿ ನಿಂತು, ಅವತಿ ಹೊಳೆಯಾಗಿ ಇಳಿದು, ಅಯ್ಯನಕೆರೆಯಿಂದ ಬರುವ ವೇದಾ ಹೊಳೆಯನ್ನು ಕೂಡಿಕೊಂಡು ವೇದಾವತಿಯೆನಿಸಿ ಮಾರಿಕಣಿವೆಗೆ ಹೋಗುವ ನೀರು. ಈ ಕೆರೆಯಲ್ಲಿ ನಾನು ಗಾಳ ಹಾಕುತ್ತಿದ್ದದ್ದು ಹರಿಗೋಲಿನ ಅಜ್ಜನ ಜೊತೆ. ಅವರು ಮುಂದೆ ಕುಕ್ಕರಗಾಲಲ್ಲಿ ಕೂತು ಹುಟ್ಟಿನಿಂದ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುವರು. ನಾನು ಹಿಂದೆ ಕೋಲು ಹಿಡಿದು ಕೂರುವೆನು. ಬಿದಿರ ದೆಬ್ಬೆಯ ಬುಟ್ಟಿ. ಹೊರಮೈಗೆ ಮೊದಲು ಚರ್ಮ ಇರುತ್ತಿತ್ತಂತೆ, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿಯುತ್ತಾರೆ. ದಡಕ್ಕೆ ಬಂದ ಮೇಲೆ ಅಜ್ಜ ಅದನ್ನು ಬೋರಲು ಮಾಡಿ ಬೆನ್ನಿಗೇರಿಸಿ ನಡೆದರೆ ಹಿಂದಿನಿಂದ ನೋಡುವವರಿಗೆ ಆಮೆಯೊಂದು ಎರಡು ಕಾಲಲ್ಲಿ ಏರಿ ಹತ್ತಿದಂತೆ ಕಾಣುತ್ತಿತ್ತು.

ಹೊಸ ದೋಣಿಯನ್ನು ಒಬ್ಬರೇ ಎತ್ತುವುದು ಆಗದ ಮಾತು. ಈ ಜಾತಿಯಲ್ಲಿ ಹೆಸರಾದ ಹೋಬಿ ಪ್ರೊ ಆ್ಯಂಗ್ಲರ್ 14 ಎಂಬುದನ್ನೇ ತೆಗೆದುಕೊಳ್ಳಿ: 13 ಅಡಿ 8 ಅಂಗುಲ ಉದ್ದ, 38 ಅಂಗುಲ ಅಗಲ, ತೂಕ ಐವತ್ತು ಕಿಲೋ ದಾಟುತ್ತದೆ. ನಮ್ಮದು ಬೇರೆ ಕಂಪನಿಯದಾದರೂ ಮೈಕಟ್ಟು ಹೆಚ್ಚುಕಡಿಮೆ ಅಷ್ಟೇ. ನೀರಿಗಿಳಿಸಲು ಎರಡು ಗಾಲಿಯ ತಳ್ಳುಗಾಡಿ ಬೇರೆ ಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆ ಗಾಲಿಗಳು ಕೆರೆಯಂಗಳದ ಗೋಡು ಮಣ್ಣಿನಲ್ಲಿ ಹೂತು, ಕಡೆಗೆ ದೋಣಿಯ ಜೊತೆ ಗಾಡಿಯನ್ನೂ ಎಳೆಯುವ ಪಾಡು ನಮ್ಮದಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಲೇಬೇಕು. ನೀರಿಗಿಳಿದ ಮೇಲೆ ಇದು ಬೇರೆಯೇ ಪ್ರಾಣಿ. 1997ರಲ್ಲಿ ಹೋಬಿ ಕಂಪನಿ ಮೊದಲು ಮಾರಿದ ಪೆಡಲ್ ಯಂತ್ರದಲ್ಲಿ ತಿರುಗುವ ಫ್ಯಾನ್ ಇರಲಿಲ್ಲ. ದೋಣಿಯ ತಳದಲ್ಲಿ ಎರಡು ರೆಕ್ಕೆಗಳು ಪೆಂಗ್ವಿನ್ ಈಜುವಂತೆ ಎಡಬಲಕ್ಕೆ ಬೀಸುತ್ತಿದ್ದವು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಒಂದಾದ ಮೇಲೊಂದು ಕಾಲುಮಣೆ ತುಳಿಯುವ ನೇಕಾರನನ್ನು ನೆನೆಯಿರಿ, ತುಳಿತ ಹಾಗೆಯೇ. ಆಮೇಲೆ ಬೇರೆ ಕಂಪನಿಗಳು ಸೈಕಲ್ಲಿನಂತೆ ಸುತ್ತು ಹಾಕುವ, ತಳದಲ್ಲಿ ಫ್ಯಾನ್ ತಿರುಗುವ ಬಗೆಯನ್ನು ತಂದವು. ಅದರಲ್ಲಿ ಹಿಂದಕ್ಕೆ ತುಳಿದರೆ ದೋಣಿ ಹಿಂದಕ್ಕೆ ಹೋಗುತ್ತದೆ. ರೆಕ್ಕೆಯದಕ್ಕೆ ಆ ಗುಣ ಬರಲು ವರ್ಷಗಳೇ ಹಿಡಿದವು.

ಯಾವುದು ಮೇಲು ಎಂದು ಕೇಳಿದರೆ, ಯಾವ ನೀರು ಎಂದು ತಿರುಗಿ ಕೇಳಬೇಕು. ಮದಗದ ಕೆರೆಯಂಥ ಕಡೆ, ಅಂಚಿನುದ್ದಕ್ಕೂ ಜೊಂಡು, ಒಳಗೆ ಕೂದಲಿನಂಥ ಪಾಚಿ, ಅಲ್ಲಲ್ಲಿ ಮುಳುಗಿದ ಜಾಲಿಯ ಬೊಡ್ಡೆ ಇರುವಲ್ಲಿ, ಫ್ಯಾನ್ ಐದು ನಿಮಿಷಕ್ಕೊಮ್ಮೆ ಪಾಚಿ ಸುತ್ತಿಕೊಂಡು ನಿಲ್ಲುತ್ತದೆ. ರೆಕ್ಕೆಯಾದರೆ ಒಂದು ಕಾಲನ್ನು ಪೂರಾ ಮುಂದಕ್ಕೆ ಒತ್ತಿದಾಗ ತಳಕ್ಕೆ ಅಂಟಿ ಮಲಗುತ್ತದೆ. ಮೊಣಕಾಲುದ್ದದ ನೀರಲ್ಲೂ ಜಾರಿಕೊಂಡು ಹೋಗಬಹುದು. ನಮ್ಮ ಹುಡುಗ ಅಂಗಡಿಯವರ ಮಾತು ಕೇಳಿ ಫ್ಯಾನಿನದನ್ನೇ ತರಿಸಿದ. ನಾನಾಗಿದ್ದರೆ ರೆಕ್ಕೆಯದನ್ನು ತರಿಸುತ್ತಿದ್ದೆ.

ಈ ದೋಣಿಯ ಅಸಲು ಬೆಲೆ ವೇಗದಲ್ಲಿಲ್ಲ. ಅದರ ದೊಡ್ಡ ಗುಣ ನಿಲ್ಲುವುದು. ಹತ್ತು ಗಂಟೆಯಾಗುತ್ತಲೇ ಗಿರಿ ಕಡೆಯಿಂದ ಗಾಳಿ ಬಿಡುತ್ತದೆ. ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಗಾಳಿ ಹೊಡೆದರೆ ಬುಗುರಿಯಂತೆ ತಿರುಗುತ್ತದೆ. ಅಜ್ಜ ಹುಟ್ಟು ಬಿಟ್ಟರೆ ಕೊರವ ಮೀನು ಅಡಗಿದ ಬೊಡ್ಡೆ ಮುಂದಿದ್ದದ್ದು ಬೆನ್ನ ಹಿಂದಾಗುತ್ತದೆ. ಪೆಡಲ್ ದೋಣಿಯಲ್ಲಿ ಮೂತಿಯನ್ನು ಗಾಳಿಗೆ ಕೊಟ್ಟು, ನಿದ್ದೆಯಲ್ಲಿ ಕಾಲಾಡಿಸಿದಷ್ಟೇ ಮೆಲ್ಲಗೆ ತುಳಿಯುತ್ತಿದ್ದರೆ ಅದು ಬೊಡ್ಡೆಯಿಂದ ಇಪ್ಪತ್ತು ಅಡಿ ದೂರದಲ್ಲಿ ನಿಂತೇ ಇರುತ್ತದೆ. ತೊಡೆಯ ಸ್ನಾಯು ತೋಳಿನದಕ್ಕಿಂತ ದೊಡ್ಡದು, ಬೇಗ ಸೋಲುವುದಿಲ್ಲ. ಗಾಳದ ದಾರ ಬಿಗಿದಾಗ ಎರಡೂ ಕೈ ಕೋಲಿನ ಮೇಲೆ. ಆ ಗಳಿಗೆಯ ಸುಖ ಹುಟ್ಟು ಹಾಕಿ ಬೆರಳು ಬೊಬ್ಬೆ ಬಂದವರಿಗೇ ಗೊತ್ತು. ಕೈ ಸಂಪೂರ್ಣ ಬಿಡುವು ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಎಡಗೈ ಆಗಾಗ ಚುಕ್ಕಾಣಿಯ ಹಿಡಿ ಹುಡುಕುತ್ತಲೇ ಇರುತ್ತದೆ.

ಹೀಗೆ ಸಂಪಾದಿಸಿದ ಬಿಡುವನ್ನು ದೋಣಿ ಸಜ್ಜು ಮಾಡುವ ಹುಚ್ಚು ಒಂದೊಂದಾಗಿ ಕಿತ್ತುಕೊಳ್ಳುವುದನ್ನು ನಾನು ನಮ್ಮ ಕೊಟ್ಟಿಗೆಯಲ್ಲೇ ನೋಡಿದೆ. ಮೊದಲು ಕೋಲು ಸಿಕ್ಕಿಸುವ ಕೊಳವೆ ಎರಡು ಬಂದವು, ಆಮೇಲೆ ಆರಾದವು. ಮೊಬೈಲಿಗೊಂದು ತೋಳು, ಲೋಟಕ್ಕೊಂದು ಗೂಡು, ರಾತ್ರಿಗೆ ದೀಪ, ಹಿಂದೆ ಸಾಮಾನಿಗೆ ಹಾಲಿನ ಕ್ರೇಟು. ಇವನ್ನು ಕೂರಿಸುವುದೇ ಒಂದು ಪಾಠ. ಪಾಲಿಥಿಲೀನಿಗೆ ಅಂಟು ಹಿಡಿಯುವುದಿಲ್ಲ. ನಾವು ಮೆತ್ತಿದ ಎಂಸೀಲ್ ಮಾರನೇ ದಿನ ಒಣಗಿದ ರೊಟ್ಟಿಯ ಹಾಗೆ ಎದ್ದು ಬಂತು. ಹಾಗಾಗಿ ಡ್ರಿಲ್ಲಿಂಗ್, ಸ್ಕ್ರೂ, ಸುತ್ತ ಸೀಲೆಂಟ್. ಲಕ್ಷ ಕೊಟ್ಟು ತಂದ ದೋಣಿಗೆ ಕೈಯಾರೆ ತೂತು ಕೊರೆಯುವಾಗ ಹುಡುಗನ ಮುಖ ನೋಡಬೇಕಿತ್ತು. ತಪ್ಪಿ ಕೊರೆದ ಒಂದು ತೂತನ್ನು ಮುಚ್ಚಿದ್ದು, ಸಂತೆಯಲ್ಲಿ ಒಡೆದ ಪ್ಲಾಸ್ಟಿಕ್ ಬಿಂದಿಗೆಗೆ ಕಾದ ಕಬ್ಬಿಣದಿಂದ ತೇಪೆ ಹಾಕುವವರ ವಿದ್ಯೆಯೇ. ದೋಣಿಯ ಕೈಪಿಡಿಯಲ್ಲಿ ಅದಕ್ಕೆ ಪ್ಲಾಸ್ಟಿಕ್ ವೆಲ್ಡಿಂಗ್ ಎಂಬ ದೊಡ್ಡ ಹೆಸರಿದೆ.

ಎಲ್ಲಕ್ಕಿಂತ ಖರ್ಚಿನದು ಮೀನು ತೋರಿಸುವ ಯಂತ್ರ, ಫಿಶ್ ಫೈಂಡರ್. ತಳದಿಂದ ಶಬ್ದದ ಅಲೆ ಬಿಟ್ಟು, ತಿರುಗಿ ಬಂದದ್ದನ್ನು ಪರದೆಯ ಮೇಲೆ ಬರೆಯುತ್ತದೆ. 12 ವೋಲ್ಟಿನ ಬ್ಯಾಟರಿ ಬೇರೆ. ನೂರಾರು ಅಡಿ ಆಳದ ಜಲಾಶಯದಲ್ಲಿ ಇದರ ಉಪಯೋಗವನ್ನು ಅಲ್ಲಗಳೆಯುವುದಿಲ್ಲ. ನಮ್ಮ ಲೆಕ್ಕ ನೋಡೋಣ: ಅಲೆ 20 ಡಿಗ್ರಿಯ ಶಂಕುವಿನಂತೆ ಹರಡುತ್ತದೆಂದರೆ ಹತ್ತು ಅಡಿ ನೀರಿನ ತಳದಲ್ಲಿ ಅದು ಕಾಣುವುದು ಮೂರೂವರೆ ಅಡಿ ಅಗಲದ ವೃತ್ತ. ಹರಿಗೋಲಿನ ಬಾಯಿಯಷ್ಟೂ ಇಲ್ಲ! ಅದೂ ದೋಣಿಯ ಕೆಳಗಿನದು, ಪೆಡಲ್ ಸದ್ದಿಗೆ ಮೀನು ಯಾವತ್ತೋ ಬಿಟ್ಟುಹೋದ ಜಾಗ. ಹುಡುಗ ಮಾತ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಪರದೆಯನ್ನೇ ನೋಡಿದ. ಎದುರಿಗೆ, ನಾಲ್ಕು ಮಾರು ದೂರದಲ್ಲಿ, ಕೊರವ ಉಸಿರಿಗೆ ಮೇಲೆದ್ದು ನೀರಲ್ಲಿ ಬಳೆ ಬರೆದು ಹೋಯಿತು.

ಬೇಕೇ ಬೇಕಾದ್ದು ಕೆಲವೇ ಕೆಲವು. ಲೈಫ್ ಜಾಕೆಟ್, ಅದೂ ಸೀಟಿನ ಹಿಂದೆ ಸಿಕ್ಕಿಸಿದ್ದಲ್ಲ, ಮೈಮೇಲೆ ತೊಟ್ಟದ್ದು. ಬಲೆಗೋ ಬಳ್ಳಿಗೋ ಸಿಕ್ಕರೆ ಕುಯ್ಯಲು ಚಾಕು. ಒಂದು ಬಿಡಿ ಹುಟ್ಟು, ಪೆಡಲ್ ಕೈಕೊಟ್ಟ ದಿನಕ್ಕೆ. ಲಂಗರು, ಅದಕ್ಕೆ ಮಡಚುವ ಕಬ್ಬಿಣದ್ದೇ ಆಗಬೇಕೆಂದಿಲ್ಲ, ಚೀಲದಲ್ಲಿ ಕಟ್ಟಿದ ಕಲ್ಲೂ ನಡೆಯುತ್ತದೆ. ಲಂಗರಿನ ಹಗ್ಗವನ್ನು ದೋಣಿಯ ನಡುಪಕ್ಕೆಗೆ ಕಟ್ಟಬಾರದು. ಗಾಳಿ ಪಕ್ಕೆಗೆ ಹೊಡೆದರೆ ಮಗುಚೀತು. ಅದಕ್ಕೇ ಮೂತಿಯಿಂದ ಬಾಲದವರೆಗೆ ರಾಟೆ ಹಗ್ಗ ಓಡಿಸುತ್ತಾರೆ. ಸಜ್ಜು ಮಾಡಿದ್ದರಲ್ಲಿ ನಾನು ಮೆಚ್ಚಿದ್ದು ಅದೊಂದನ್ನೇ. ಬಾವಿ ರಾಟೆ ಕಂಡ ಯಾರಿಗೂ ಅದನ್ನು ವಿವರಿಸಬೇಕಿಲ್ಲ.

ನನ್ನ ದೊಡ್ಡ ತಕರಾರು ಬೇರೆ ಇದೆ. ಹರಿಗೋಲಿನ ತಳ ಚಪ್ಪಟೆ. ಸಂಜೆ ಬಿಟ್ಟು ಬೆಳಗ್ಗೆ ಎತ್ತುವ ಬಲೆಯ ಬೆಂಡುಗಳ ಮೇಲೆ ಹುಟ್ಟೆತ್ತಿಕೊಂಡು ತೇಲಿ ದಾಟಿಬಿಡುತ್ತದೆ. ನಮ್ಮ ದೋಣಿಯ ತಳದಲ್ಲಿ ಫ್ಯಾನ್, ಹಿಂದೆ ಚುಕ್ಕಾಣಿ. ಮೂರನೇ ದಿನವೇ ಒಂದು ಬಲೆಗೆ ಸಿಕ್ಕಿ, ಗಾಬರಿಯಲ್ಲಿ ಜೋರಾಗಿ ತುಳಿದು, ಎರಡು ಮಾರು ನೈಲಾನನ್ನು ಸುತ್ತಿ ಹರಿದೆ. ಬಲೆ ಬಿಟ್ಟವರಿಗೆ ದುಡ್ಡು ಕೊಟ್ಟೆ, ಅವರು ತೆಗೆದುಕೊಂಡರು, ಮುಖ ಸಡಿಲಲಿಲ್ಲ. ಸರ್ಕಾರಿ ಕೆರೆಗಳ ಮೀನಿನ ಹಕ್ಕನ್ನು ಇಲಾಖೆ ಸಹಕಾರ ಸಂಘಗಳಿಗೋ ಟೆಂಡರಿನಲ್ಲಿ ಹಿಡಿದವರಿಗೋ ಗುತ್ತಿಗೆಗೆ ಕೊಟ್ಟಿರುತ್ತದೆ. ಅವರನ್ನು ಕೇಳದೆ ಲಕ್ಷದ ದೋಣಿ ಇಳಿಸುವುದು ಇನ್ನೊಬ್ಬರ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದಂತೆ. ಪಕ್ಕದ ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿದೆಯಲ್ಲ ಎಂದು ಹುಡುಗ ಆಸೆಪಟ್ಟ. ಅದು ಹುಲಿ ಮೀಸಲು ಕಾಡಿಗೆ ಸೇರಿದ ನೀರು, ಅಲ್ಲಿ ಈ ಆಟ ಸಲ್ಲ.

ಇನ್ನೊಂದು, ಇದು ಒಬ್ಬರ ದೋಣಿ. ನಮ್ಮ ನಾಡಿನಲ್ಲಿ ದೋಣಿಯ ಮೇಲಿನ ಗಾಳ ಯಾವತ್ತೂ ಇಬ್ಬರ ಕಸುಬಾಗಿತ್ತು. ಕಾವೇರಿಯ ಭೀಮೇಶ್ವರಿಯಲ್ಲಿ ದೇಶವಿದೇಶದವರು ಮಹಶೀರ್ ಹಿಡಿದು ಬಿಡಲು ಬರುತ್ತಿದ್ದ ಕಾಲದಲ್ಲೂ ಅವರನ್ನು ಕೂರಿಸಿಕೊಂಡು ಸುಳಿ ಬಂಡೆಗಳ ನಡುವೆ ಸಾಗಿದ್ದು ಊರಿನವರ ಹರಿಗೋಲು. ಮೀನು ಎಲ್ಲಿದೆ ಎಂದು ಗೊತ್ತಿದ್ದದ್ದು ಹುಟ್ಟು ಹಿಡಿದವನಿಗೆ. ಮೂಡಿಗೆರೆಯ ತೇಜಸ್ವಿಯವರಿಂದ ಗಾಳದ ಹುಚ್ಚು ಹಿಡಿಸಿಕೊಂಡ ನನ್ನಂಥವರಿಗೆ ಒಂಟಿತನ ಹೊಸದಲ್ಲ, ನಿಜ. ಆದರೆ ದಡದ ಒಂಟಿತನವೇ ಬೇರೆ. ಅಲ್ಲಿ ದನ ಕಾಯುವವರು ಬಂದು ಬೀಡಿಗೆ ಬೆಂಕಿ ಕೇಳುತ್ತಾರೆ.

ಸೀಸನ್ ಮುಗಿಯುವ ಹೊತ್ತಿಗೆ ಹುಡುಗ ಫಿಶ್ ಫೈಂಡರ್ ಬಿಚ್ಚಿದ. ಕೊಳವೆಗಳಲ್ಲಿ ನಾಲ್ಕು ಹೋದವು. ಹೋದ ಭಾನುವಾರ ಅಜ್ಜ ಏರಿ ಮೇಲಿಂದಲೇ ಕೂಗಿದರು: “ಏನ್ ಮೇಷ್ಟ್ರೇ, ಸೈಕಲ್ ತುಳ್ಕಂಡು ಎಲ್ಲಿಗೆ ಹೊಂಟ್ರಿ?” ಕೆಳಗೆ ಬಂದು ದೋಣಿಯನ್ನು ಒಂದು ಸುತ್ತು ನೋಡಿದರು. ಹುಡುಗ, “ಕೂತ್ಕಳಜ್ಜ,” ಎಂದು ಸೀಟು ಮುಂದಕ್ಕೆ ಸರಿಸಿ ಲೈಫ್ ಜಾಕೆಟ್ ತೊಡಿಸಿದ. ಅಜ್ಜ ತೂಬಿನ ತನಕ ತುಳಿದು, ಅಲ್ಲಿ ಗಾಳಿಗೆ ಮೂತಿ ಕೊಟ್ಟು ಸ್ವಲ್ಪ ಹೊತ್ತು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ. ತಿರುಗಿ ಬಂದವರು ಇಳಿಯದೆ, ಕತ್ತು ಹೊರಳಿಸಿ ಹಿಂದೆ ನೋಡಿದರು.

“ಸಲೀಸಾಗೈತೆ ಕಣಪ್ಪ. ಬಲೆ ಎಲ್ಲಿ ಹಾಕ್ಕಳದು?”

ಹುಡುಗ ಹಾಲಿನ ಕ್ರೇಟು ತೋರಿಸಿದ. ಅಜ್ಜ ದಡದಲ್ಲಿದ್ದ ತಮ್ಮ ಒದ್ದೆ ಬಲೆಯ ಗಂಟನ್ನು ತರಿಸಿ ಅದರೊಳಗೆ ತುರುಕಿ ನೋಡಿದರು. ಅರ್ಧ ಹಿಡಿಸಿತು.