ಬಾಲೂ ತಮ್ಮ ಎಲ್ಲಿ ಚಂದ?

ಕರ್ಜಗಿ ಅನ್ನೋ ಹೆಸರನ್ನ ಬಾಲೂ ತಮ್ಮ ಫಾಂಟಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ ನೋಡಿ. ದಪ್ಪ ಗೆರೆ, ಮೊನೆಯಿಲ್ಲದ ತುದಿ, ಜ ಪಕ್ಕಕ್ಕೆ ಗುಂಡನೆಯ ಅರ್ಕಾವತ್ತು. ನಮ್ಮೂರು ನಕ್ಕ ಹಾಗಿರುತ್ತೆ.

ಮುಂಬೈನ ಏಕ್ ಟೈಪ್ ತಂಡದ ಈ ಉಚಿತ ಫಾಂಟು ತಮಿಳಿನಲ್ಲಿ ತಂಬಿ, ತೆಲುಗಿನಲ್ಲಿ ತಮ್ಮುಡು, ನಮ್ಮಲ್ಲಿ ತಮ್ಮ. ಹಾವೇರಿ ಕಡೆ ಗುರುತಿಲ್ಲದ ಹುಡುಗನನ್ನೂ ‘ಏ ತಮ್ಮಾ’ ಅಂತ ಕರೀತಾರೆ. ಆ ಸಲುಗೆಯೇ ಇದರ ಗುಣ.

ಇಂಗ್ಲಿಷ್ ಅಕ್ಷರಕ್ಕೆ ದುಂಡಗಾಗೋದು ಒಂದು ವೇಷ. ಕನ್ನಡ ಹುಟ್ಟಿನಿಂದಲೇ ದುಂಡಗೆ. ಹಾಗಾಗಿ ಇಲ್ಲಿ ನಿಜವಾದ ಪರೀಕ್ಷೆ ದಪ್ಪದ್ದು. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಜಾಗ ಕಿರಿದಾಗುತ್ತೆ. ಅಂಗಡಿ ಬೋರ್ಡಿನಲ್ಲಿ ಅದು ತೊಂದರೆಯಲ್ಲ. ಮೊಬೈಲಿನ ಸಣ್ಣ ಬಟನ್ ಮೇಲೆ ಮಹಾಪ್ರಾಣದ ಹೊಟ್ಟೆಸೀಳು ಮುಚ್ಚಿಹೋದರೆ ‘ಸಹಾಯಧನ’ ಹೋಗಿ ‘ಸಹಾಯದನ’ ಆಗುತ್ತೆ. ಅದನ್ನ ಓದೋರು ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತ ರೈತರು. ಬಾಲೂ ತಮ್ಮ 2ರಲ್ಲಿ 400ರಿಂದ 800ರವರೆಗೆ ಐದು ತೂಕಗಳಿವೆ. ಸಣ್ಣ ಅಕ್ಷರಕ್ಕೆ 400 ಸಾಕು.

ಉಚಿತ ಅಂತ ಎಲ್ಲದಕ್ಕೂ ಇದನ್ನೇ ಹಾಕೋದೂ ಸರಿಯಲ್ಲ. ಮಕ್ಕಳ ಪುಸ್ತಕದ ಮುಖಪುಟ, ಮಿರ್ಚಿ-ಮಂಡಕ್ಕಿ ಅಂಗಡಿ, ಜಾತ್ರೆಯ ಪೋಸ್ಟರು, ಇಲ್ಲೆಲ್ಲ ತಮ್ಮ ಚಂದ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಬೇಡ. ತೀರಿಕೊಂಡವರ ಫೋಟೋ ಕೆಳಗೆ ಅಕ್ಷರ ನಗಬಾರದು.

ಫಾಂಟ್ ಆರಿಸೋ ನಮ್ಮಂಥ ಕೋಡ್ ಬರೆಯೋರಿಗೆ ಒಂದೇ ಮಾತು: ಲ್ಯಾಪ್‌ಟಾಪ್‌ನಲ್ಲಿ ಚಂದ ಕಂಡರೆ ಸಾಲದು, ಅಗ್ಗದ ಫೋನಿನಲ್ಲಿ ಒಮ್ಮೆ ‘ಧ’ ಓದಿ ನೋಡಿ.